ಈ ಮನೆ, ಆ ಮನೆ

ಒಂದು ಕಾಲದಲ್ಲಿ, ತುಂಬ ಹಿಂದೇನಲ್ಲ, ಮೊನ್ನೆ ಮೊನ್ನೆಯ ಕಾಲದಲ್ಲೇ ಅನ್ನಿ, ಒಬ್ಬ ಗಂಡ, ಒಬ್ಬಳು ಹೆಂಡತಿ, ಅವರಿಬ್ಬರಿಗೆ ಎರಡು ಮನೆಗಳಿದ್ದವು. ಒಂದು ಹಿಮ ಬೀಳುವ ಊರಿನಲ್ಲಿ, ಇನ್ನೊಂದು ಬಿಸಿಲು ಬೀಳುವ ಊರಿನಲ್ಲಿ. ಎಲೆ ಉದುರಲು ಶುರುವಾಯಿತೆಂದರೆ ಇಬ್ಬರೂ ಒಂದು ಪೆಟ್ಟಿಗೆ ಹಿಡಿದು ರೈಲು ಹತ್ತಿ ಬಿಸಿಲೂರಿಗೆ ಇಳಿಯುವರು. ಅಲ್ಲಿ ತಾರಸಿ ಕಾದು ಬರಿಗಾಲಿಡಲು ಆಗದಂತಾದರೆ ಅದೇ ಪೆಟ್ಟಿಗೆ ಹಿಡಿದು ಚಳಿಯೂರಿಗೆ ಮರಳುವರು. ಗಂಡ ಬದುಕಿಡೀ ಊರವರ ನಲ್ಲಿ, ಪೈಪು ರಿಪೇರಿ ಮಾಡಿ ದಣಿದು ಕೂತವರು. ಹೆಂಡತಿ ಹೊಲಿಗೆಯವಳು, ಎರಡೂ ಬೀದಿಗಳಿಗೆ ದರ್ಜಿಯಮ್ಮ. ಒಂದೇ ಪೆಟ್ಟಿಗೆ ಸಾಲುತ್ತಿತ್ತು, ಯಾಕೆಂದರೆ ಮಿಕ್ಕಿದ್ದೆಲ್ಲ ಎರಡೆರಡಿತ್ತು. ಎರಡು ಹೊಲಿಗೆ ಯಂತ್ರ, ಎರಡು ಜೊತೆ ಮನೆ ಚಪ್ಪಲಿ, ಓದುವ ಕನ್ನಡಕ ಎರಡು, ಸ್ಪ್ಯಾನರು ತುಂಬಿದ ಕಬ್ಬಿಣದ ಡಬ್ಬಿ ಎರಡು. "ಹೆಂಡತಿ ಮಾತ್ರ ಒಬ್ಬಳೇ ಆಗೋದ್ಲು ನೋಡಿ," ಎಂದು ಗಂಡ ಸಿಕ್ಕವರೆದುರು ಗೋಳು ಹೇಳಿಕೊಳ್ಳುತ್ತಿದ್ದರು. "ಇನ್ನೊಬ್ಬಳು ಸಿಕ್ಕಿದ್ರೆ ಚಳಿ ಕಾಯೋಕೆ ಅವಳನ್ನ ಅಲ್ಲೇ ಇಡಬಹುದಿತ್ತು."

ಮನೆಗಳಿಗೆ ಅವರು ಹೆಸರಿಟ್ಟಿರಲಿಲ್ಲ. ತಾವು ಇದ್ದದ್ದು ಈ ಮನೆ, ಇಲ್ಲದ್ದು ಆ ಮನೆ. ಹನ್ನೊಂದು ವರ್ಷ ಅದರಲ್ಲೇ ಸಂಸಾರ ಸಾಗಿತ್ತು.

ಹನ್ನೆರಡನೆಯ ವರ್ಷ ದರ್ಜಿಯಮ್ಮ ಒಬ್ಬಳೇ ಬಂದು ಬಿಸಿಲೂರಿನ ಬಾಗಿಲಿಗೆ ಕೀಲಿ ತೂರಿಸಿದಳು. ಬೀಗ ಎಂದಿನಂತೆ ಅರ್ಧ ತಿರುಗಿ ಮುನಿಸಿಕೊಂಡಿತು, ಮೊಣಕಾಲಿನಿಂದ ಬಾಗಿಲು ಒತ್ತಿದ ಮೇಲೆ ಒಲಿಯಿತು. ಒಳಗೆ ಕಾಲಿಟ್ಟವಳು ತಲೆ ಎತ್ತಲೂ ಇಲ್ಲ. ರೂಢಿಯ ಬಲಗೈ ತಾನಾಗಿ ಮೇಲೆದ್ದು ಕೈಚೀಲವನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿತು.

ಚೀಲ ಧೊಪ್ಪನೆ ನೆಲಕ್ಕೆ ಬಿತ್ತು.

ಮೊಳೆ ಇದ್ದಲ್ಲಿ ಒಂದು ತೂತಿತ್ತು. ತೂತಿನಿಂದ ಕಣ್ಣು ಕಿತ್ತು ಅವಳು ಕೋಣೆ ನೋಡಿದಳು. ಕುರ್ಚಿಯಿಲ್ಲ, ಮೇಜಿಲ್ಲ, ಪರದೆಯಿಲ್ಲ, ಪರದೆಯ ಸರಳೂ ಇಲ್ಲ. ಕಿಟಕಿಯಿಂದ ಬಿದ್ದ ಬಿಸಿಲು ಯಾವುದಕ್ಕೂ ಎಡವದೆ ನೇರ ಎದುರು ಗೋಡೆ ಮುಟ್ಟಿತ್ತು. ಅವಳು ಹೊರಗೆ ಬಂದು ಬಾಗಿಲ ಮೇಲಿನ ನಂಬರು ನೋಡಿದಳು. ಮತ್ತೆ ಒಳಗೆ ಹೋದಳು. ಕಳ್ಳರೇ ಬಂದಿದ್ದರೆಂದರೆ, ಕಳ್ಳರು ನೆಲ ಗುಡಿಸಿ ಒರೆಸಿ ಹೋಗುತ್ತಾರೆಯೇ? ನೆಲದಿಂದ ಸೋಪಿನ ವಾಸನೆ ಬರುತ್ತಿತ್ತು. ಕೂರಬೇಕೆನಿಸಿ ಹಿಂದೆ ಕೈ ಚಾಚಿದಳು, ಕುರ್ಚಿ ಇರಬೇಕಾದ ಕಡೆ. ಕೈಗೆ ಗಾಳಿ ಸಿಕ್ಕಿತು. ಒಳಕೋಣೆಯ ನೆಲದ ಮೇಲೆ ಮಂಚದ ಕಾಲುಗಳ ನಾಲ್ಕು ಗುರುತು ಮಾತ್ರ ಉಳಿದಿದ್ದವು. ಆ ನಾಲ್ಕರ ನಡುವೆ ಕಾಲಿಡಲು ಅವಳಿಗೆ ಧೈರ್ಯವಾಗಲಿಲ್ಲ.

ಆಗ ಅಡುಗೆಮನೆಯಿಂದ ಕೇಳಿತು. ಟಪ್.

ಹೊತ್ತುಕೊಂಡು ಹೋಗಲಾಗದೆ ಉಳಿದದ್ದು ಅದೊಂದೇ. ಟಪ್.

ಅದನ್ನು ನಿಲ್ಲಿಸುತ್ತೇನೆಂದು ಮಾತು ಕೊಟ್ಟಿದ್ದಳು ದರ್ಜಿಯಮ್ಮ. ಕಳೆದ ಸಲ, ಆ ಮಂಚದ ಮೇಲೆ ಗಂಡ ಮಲಗಿದವರು ಮತ್ತೆ ಏಳದಂತಾದಾಗ, ನಲ್ಲಿ ಸೋರಲು ಶುರುಮಾಡಿತು. ಊರ ನಲ್ಲಿಗಳನ್ನೆಲ್ಲ ಸುಮ್ಮನಾಗಿಸಿದವರಿಗೆ ತಮ್ಮ ಮನೆಯ ನಲ್ಲಿ ಹಗಲೆಲ್ಲ ಅಣಕಿಸುವುದನ್ನು ಕೇಳುತ್ತ ಮಲಗುವ ಗತಿ. ಬೇರೆ ರಿಪೇರಿಯವನನ್ನು ಕರೆಸುತ್ತೇನೆಂದರೆ ರೇಗುವರು. "ನನ್ನ ಮನೆ ನಲ್ಲಿಗೆ ಇನ್ನೊಬ್ಬ ಕೈ ಹಾಕೋದಾ? ನಾನು ಸತ್ತಿದ್ದೀನಾ? ನೀನ್ ಮಾಡು. ಸೂಜಿಗೆ ದಾರ ಹಾಕೋ ಕೈಗೆ ಇದೇನ್ ಮಹಾ." ದಿಂಬಿನಡಿಯಿಂದ ಕಪ್ಪು ರಬ್ಬರಿನ ಒಂದು ವಾಷರ್ ತೆಗೆದು ಅವಳ ಅಂಗೈಯಲ್ಲಿಟ್ಟು, ಹೇಗೆ ಬಿಚ್ಚಬೇಕು, ಹೇಗೆ ಕೂರಿಸಬೇಕು ಎಂದು ಮಗ್ಗಿಯಂತೆ ಮೂರು ಸಲ ಹೇಳಿಸಿದರು. "ನಾಳೆ ಬೆಳಿಗ್ಗೆ ಮಾಡ್ತೀನಿ, ಆಣೆ," ಎಂದಿದ್ದಳು ಅವಳು.

ಆ ಬೆಳಿಗ್ಗೆ ಅವರು ಕಣ್ಣು ಬಿಡಲಿಲ್ಲ. ಮಗಳು ಬಂದಳು, ಆಗಬೇಕಾದದ್ದು ಆಯಿತು, ಮೂರನೆಯ ದಿನ ಮಗಳು ತಾಯಿಯನ್ನು ತನ್ನ ಊರಿಗೆ ಕರೆದೊಯ್ದಳು. ಕೆಲವು ವಾರ ಅಲ್ಲಿದ್ದು ಅವಳು ಒಬ್ಬಳೇ ಚಳಿಯೂರಿಗೆ ಮರಳಿದಳು. ವಾಷರ್ ಕೈಚೀಲದ ಒಳಜೇಬಿನಲ್ಲಿ ಉಳಿಯಿತು. ಬಿಸಿಲೂರಿಗೆ ಹೋದ ತಕ್ಷಣ ಮೊದಲು ಆ ಕೆಲಸ, ಆಮೇಲೆ ಕಾಫಿ ಎಂದು ರೈಲಿನುದ್ದಕ್ಕೂ ಅಂದುಕೊಂಡು ಬಂದಿದ್ದಳು.

"ಅಯ್ಯೋ, ದರ್ಜಿಯಮ್ಮ! ಇದೇನಿದು, ನೀವು?"

ಬಾಗಿಲಲ್ಲಿ ಎದುರುಮನೆಯ ನರ್ಸಕ್ಕ ನಿಂತಿದ್ದಳು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಬೀದಿಯವರಿಗೆ ಅವಳು ನರ್ಸಕ್ಕನೇ. ನನ್ನ ಸೂಜಿ ಚರ್ಮಕ್ಕೆ, ನಿಮ್ಮ ಸೂಜಿ ಬಟ್ಟೆಗೆ, ಕಿರುಚೋದು ಮಾತ್ರ ನನ್ನ ಕಡೆಯವರು ಎಂದು ಸದಾ ತಮಾಷೆ ಮಾಡುವವಳು. ಈಗ ಅವಳ ಬಾಯಿಯಲ್ಲಿ ತಮಾಷೆ ಇರಲಿಲ್ಲ.

"ನರ್ಸಕ್ಕ, ಮನೆಗೆ ಕಳ್ಳರು ಬಿದ್ದಿದ್ದಾರೆ."

"ಯಾವ ಕಳ್ಳರು? ನಿಮ್ಮ ಮಗಳೇ ನಿಂತು ಲಾರಿಗೆ ಹಾಕಿಸಿದ್ಲಲ್ರೀ, ಹೋದ ಭಾನುವಾರ! ಮನೆ ಕೊಟ್ಟಾಯ್ತು ಆಂಟಿ, ಅಮ್ಮ ಇನ್ನು ಬರಲ್ಲ ಅಂತ ನನ್ನ ತಬ್ಕೊಂಡು ಅತ್ಲು. ನಾನೂ ಅತ್ತೆ. ನಿಮಗೆ... ನಿಮಗೆ ಗೊತ್ತಿಲ್ವಾ?"

ನರ್ಸಕ್ಕ ದರ್ಜಿಯಮ್ಮನ ಮುಂಗೈ ಹಿಡಿದು ಸುಮ್ಮನೆ ನಾಡಿ ನೋಡತೊಡಗಿದಳು. ಮಗಳಿಗೆ ಫೋನು ಹಚ್ಚಿ ಕೈಗೆ ಕೊಟ್ಟವಳೂ ಅವಳೇ.

"ಅಮ್ಮಾ! ನಿನ್ನೆಯಿಂದ ಫೋನೇ ಹತ್ತಿಲ್ಲ. ಎಲ್ಲಿದ್ದೀಯ?"

"ಮನೇಲಿ."

"ಯಾವ ಮನೇಲಿ?"

"ಈ ಮನೇಲಿ ಕಣೆ. ಈಗ ತಾನೇ ಬಂದಿಳಿದೆ. ಇಲ್ಲಿ ಒಂದು ಲೋಟ ಕೂಡ ಇಲ್ವಲ್ಲೇ. ಏನು ಮಾಡಿಟ್ಟಿದ್ದೀಯ?"

ಮಗಳು ತುಂಬ ಮೆಲ್ಲಗೆ, "ಅಮ್ಮಾ, ನೀನೇ ಅಲ್ವಾ ಹೇಳಿದ್ದು? ಆ ಮನೆ ಇನ್ನು ಬೇಡ, ಕೊಟ್ಟುಬಿಡು ಅಂತ?"

"ಹೌದು, ಆ ಮನೆ ಅಂದೆ. ಈ ಮನೆ ಅಂದೆನಾ?"

ಹೇಳಿದ್ದು ಮಗಳ ಮನೆಯಲ್ಲಿ. ಮಗಳ ಮನೆ ಮೂರನೆಯದು. ಅಲ್ಲಿ ಕೂತು ನೋಡಿದರೆ ಎರಡೂ ಆ ಮನೆಗಳೇ. ಅದು ಇಬ್ಬರಿಗೂ ಆ ಹೊತ್ತು ಹೊಳೆದಿರಲಿಲ್ಲ.

"ಅಪ್ಪ ಹೋಗಿದ್ದು ಅಲ್ಲೇ ಅಲ್ವಾ ಅಮ್ಮ," ಎಂದಳು ಮಗಳು. "ಆ ಕೋಣೆಗೆ ಮತ್ತೆ ಕಾಲಿಡೋಕೆ ನಿನ್ನ ಕೈಲಿ ಆಗಲ್ಲ, ಅದಕ್ಕೆ ಬೇಡ ಅಂತಿದ್ದೀಯ ಅಂದ್ಕೊಂಡೆ. ಯಾರಾದ್ರೂ ಹಾಗೇ ಅಂದ್ಕೊಳ್ಳಲ್ವಾ?"

"ಇವರು ಇದ್ದ ಕಡೆ ಅಲ್ವೇನೆ ಈ ಮನೆ?" ಅಂದಳು ದರ್ಜಿಯಮ್ಮ. "ಇವರು ಇಲ್ಲದ ಕಡೆ ಆ ಮನೆ."

ಎಂಟು ತಿಂಗಳಾದರೂ ಗಂಡನನ್ನು ಅವಳು ಒಂದು ಸಲವೂ 'ಅವರು' ಎಂದಿರಲಿಲ್ಲ.

"ಮನೆ ಮಾರೋ ಕಾಗದ ಓದಿದ್ಯಲ್ಲಮ್ಮ? ಸೈನ್ ಹಾಕಿದ್ಯಲ್ಲ?"

"ಎಲ್ಲಿಂದ ಓದ್ಲಿ? ಓದೋ ಕನ್ನಡಕ ಒಂದು ಈ ಮನೇಲಿ, ಒಂದು ಆ ಮನೇಲಿ. ನಿನ್ನ ಮನೇಲಿ ಎಲ್ಲಿತ್ತು? ನೀನು ಬೆರಳಿಟ್ಟು ತೋರಿಸಿದ ಕಡೆ ಹಾಕಿದೆ."

ಮಗಳು ಅಳತೊಡಗಿದಳು. ಕೊಂಡವರಿಗೆ ಮೊನ್ನೆ ಬರೆದುಕೊಟ್ಟಾಗಿದೆ, ಕೀಲಿಯೂ ಹೋಗಿದೆ, ಇನ್ನು ಏನೂ ಮಾಡಲು ಬರುವುದಿಲ್ಲ ಎಂದಳು. ಕಣ್ಣು ಮೂಗು ಒರೆಸಿಕೊಂಡ ಸದ್ದಾದ ಮೇಲೆ, "ನೀನು ನರ್ಸ್ ಆಂಟಿ ಮನೇಲಿರು. ನಾನು ನಾಳೆ ಬಂದು ಚಳಿಯೂರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಎಲ್ಲಾ ಇದೆಯಲ್ಲ, ನಿನ್ನ ಮೆಷಿನ್, ಪಾತ್ರೆ, ಅಪ್ಪನ ಕುರ್ಚಿ..."

ದರ್ಜಿಯಮ್ಮ ಗೋಡೆಗೊರಗಿ ಕುಸಿದು ಕೂತಳು.

"ಅಲ್ಲೇನೂ ಇಲ್ಲ."

"ಅಂದ್ರೆ?"

"ಆ ಮನೆ ಮಾತು ಮುಗೀತು, ಲಾರಿ ಕಳಿಸ್ತೀನಿ ಅಂದ್ಯಲ್ಲ. ಕಾದೆ ಕಾದೆ, ಲಾರಿ ಬರಲಿಲ್ಲ. ನಿನಗೆ ಕೆಲಸದಲ್ಲಿ ಮರೆತಿರಬೇಕು ಅಂತ ನಾನೇ ಬೀದಿಯವರನ್ನ ಕರೆದು ಎಲ್ಲಾ ಕೊಟ್ಟೆ. ಮೆಷಿನ್ನು ಮೂಲೆಮನೆ ಹುಡುಗಿಗೆ. ಕುರ್ಚಿ ಪೋಸ್ಟಿನವನಿಗೆ. ಇಲ್ಲಿ ಇನ್ನೊಂದೊಂದು ಇದೆಯಲ್ಲ ಅಂತ..."

"ಅಮ್ಮಾ. ನಾನೂ ಹಾಗೇ ಕೊಟ್ಟೆ. ಅಲ್ಲಿ ಇನ್ನೊಂದಿದೆಯಲ್ಲ ಅಂತ. ಅಪ್ಪನ ಸ್ಪ್ಯಾನರ್ ಡಬ್ಬಿ ಕೂಡ ಹಳೇ ಕಬ್ಬಿಣದವನಿಗೆ..."

"ಅಲ್ಲಿದ್ದ ಡಬ್ಬಿ ನಾನು ಗ್ಯಾರೇಜಿನವನಿಗೆ ಕೊಟ್ಟೆ," ಎಂದಳು ತಾಯಿ.

ಎರಡೂರುಗಳ ನಡುವಿನ ಫೋನಿನೊಳಗೆ ಆಗ ಒಂದೇ ಸದ್ದು. ಟಪ್.

"ಅದೇನಮ್ಮ ಶಬ್ದ?" ಎಂದಳು ಮಗಳು.

"ನಿಮ್ಮಪ್ಪನ ನಲ್ಲಿ," ಎಂದು ದರ್ಜಿಯಮ್ಮ ಫೋನಿಟ್ಟಳು.

ನರ್ಸಕ್ಕ ಕಾಫಿ ತಂದಳು, ಅದು ಆರಿತು. ನಮ್ಮ ಮನೆಗೆ ಏಳಿ ಎಂದಳು, ದರ್ಜಿಯಮ್ಮ ಏಳಲಿಲ್ಲ. "ನಿಮ್ಮಿಬ್ಬರ ಈ, ಆ ಕೇಳಿ ಕೇಳಿ ನಂಗೇ ತಲೆ ತಿರುಗ್ತಿತ್ತು," ಎಂದು ನರ್ಸಕ್ಕ ನಗಿಸಲು ನೋಡಿದಳು, ಅರ್ಧಕ್ಕೇ ನಿಲ್ಲಿಸಿ ಸೆರಗಿನಿಂದ ತನ್ನದೇ ಕಣ್ಣು ಒತ್ತಿಕೊಂಡಳು. ಬಿಸಿಲು ಗೋಡೆ ಬಿಟ್ಟು ನೆಲಕ್ಕಿಳಿದು, ನೆಲದಿಂದ ಹೊಸ್ತಿಲಿಗೆ ಸರಿಯಿತು. ದರ್ಜಿಯಮ್ಮನ ಬೆರಳುಗಳು ಚೀಲದ ಒಳಜೇಬಿನಲ್ಲಿ ವಾಷರನ್ನು ತಿರುಗಿಸುತ್ತಿದ್ದವು. ಸ್ಪ್ಯಾನರಿಲ್ಲ. ಎರಡಿದ್ದದ್ದು ಒಂದಾಗಿ ಉಳಿಯಬೇಕಿತ್ತು. ಒಂದೂ ಉಳಿಯದೆ ಹೋಗಿದ್ದು ಹೇಗೆ ಎಂಬ ಲೆಕ್ಕ ಎಷ್ಟು ಸಲ ಕೂಡಿದರೂ ಅವಳಿಗೆ ಕೂಡಿಬರಲಿಲ್ಲ.

ಸಂಜೆ ನಾಲ್ಕರ ಸುಮಾರಿಗೆ ಅಂಗಳದಲ್ಲಿ ಸ್ಕೂಟರ್ ನಿಂತಿತು. ಖಾಕಿ ಅಂಗಿ ತೊಟ್ಟ, ತೋಳು ಗಟ್ಟಿಯಾಗಿದ್ದ ಹೆಂಗಸೊಬ್ಬಳು ಅಳತೆ ಟೇಪು ಹಿಡಿದು ಒಳಗೆ ಬಂದವಳು ಹೌಹಾರಿ ನಿಂತಳು.

"ಯಾರ್ರೀ ನೀವು?"

"ನಾನು ಈ ಮನೆಯವಳು," ಎಂದಳು ದರ್ಜಿಯಮ್ಮ ನೆಲದಿಂದಲೇ.

"ಈ ಮನೆಯವಳು ನಾನಲ್ವಾ?"

ನರ್ಸಕ್ಕ ನಡುವೆ ಬಂದು, ಎಳೆಎಳೆಯಾಗಿ ಎಲ್ಲವನ್ನೂ ಹೇಳಿದಳು. ಬಂದವಳು ಬಸ್ಸು ಓಡಿಸುವವಳು. ಹದಿನಾರು ವರ್ಷ ಬಾಡಿಗೆ ಮನೆಗಳಲ್ಲಿ ತಿರುಗಿ, ಗಂಡ ಹೆಂಡತಿ ಇಬ್ಬರ ದುಡಿಮೆಯನ್ನೂ ಹಾಕಿ ಇದನ್ನು ಕೊಂಡಿದ್ದಳು. ಕೇಳುತ್ತ ಕೇಳುತ್ತ ಅವಳ ಕೈಯ ಟೇಪು ತಾನಾಗಿ ಸುರುಳಿಯಾಗಿ ಡಬ್ಬಿಯೊಳಗೆ ಹೋಯಿತು.

"ಅಮ್ಮಾ, ನಾನೇನು ಮಾಡ್ಲಿ ಹೇಳಿ," ಎಂದಳು ಕೊನೆಗೆ. ದನಿಯಲ್ಲಿ ಗಾಬರಿ ಇತ್ತು, ಮರುಕವೂ ಇತ್ತು, ಎರಡರ ಹಿಂದೆ ಬಿಟ್ಟುಕೊಡಲಾರೆನೆಂಬ ಹಟವೂ ಇತ್ತು. "ನನಗೂ ಬೇರೆ ಮನೆ ಇಲ್ಲ."

"ನಿನ್ನ ತಪ್ಪೇನಿದೆ ತಾಯಿ. ಮನೆ ನಿಂದು." ಆ ಮಾತು ಹೊರಬಿದ್ದಾಗ ಅದನ್ನಾಡಿದ್ದು ಬೇರೆ ಯಾರೋ ಎಂಬಂತೆ ದರ್ಜಿಯಮ್ಮ ಬೆಚ್ಚಿದಳು. "ಒಂದು ಕೆಲಸ ಬಾಕಿ ಇದೆ. ಆ ನಲ್ಲಿ."

"ಅದಾ? ಬಿಡಿ, ನಾಳೆ ಕಿತ್ತು ಹೊಸದು ಹಾಕಿಸ್ತೀವಿ. ಹೇಳಿಯೂ ಆಗಿದೆ."

"ನಾಳೆ ಬೇಡ," ದರ್ಜಿಯಮ್ಮ ಗೋಡೆ ಹಿಡಿದು ಎದ್ದಳು. "ನಾಳೆ ಅಂತ ನಾನೂ ಹೇಳಿದ್ದೆ. ಇವತ್ತು ನಾನು ಮಾಡ್ತೀನಿ. ಆಮೇಲೆ ನೀನು ಕೀಳು, ಎಸೆ, ನಿನ್ನಿಷ್ಟ. ನಿನ್ನ ಗಾಡೀಲಿ ಸ್ಪ್ಯಾನರ್ ಇದೆಯಾ?"

ಡ್ರೈವರಮ್ಮ ಹೊರಗೆ ಹೋಗಿ ಸೀಟಿನಡಿಯಿಂದ ಗ್ರೀಸು ಮೆತ್ತಿದ ಸ್ಪ್ಯಾನರ್ ತಂದು, ಹಿಡಿಯನ್ನು ಅಂಗಿಗೆ ಒರೆಸಿ ಕೊಟ್ಟಳು. "ನಾನು ಬಿಚ್ಚಿಕೊಡ್ಲಾ ಅಮ್ಮ? ಜಂಗು ಹಿಡಿದಿರುತ್ತೆ."

"ಬೇಡ. ಇವರು ಬೈತಾರೆ."

ಮೊದಲು ಹಿತ್ತಿಲಿನ ದೊಡ್ಡ ವಾಲ್ವು ಮುಚ್ಚಿದಳು. ಬಂದು ನಲ್ಲಿ ಪೂರಾ ತಿರುಗಿಸಿ ಪೈಪಿನಲ್ಲಿದ್ದ ನೀರನ್ನು ಹರಿಯಬಿಟ್ಟಳು. ಅದು ದಾರದಷ್ಟಾಗಿ, ಹನಿಯಾಗಿ, ನಿಂತಿತು. ಸ್ಪ್ಯಾನರ್ ಕಚ್ಚಿಸಿ ಎಳೆದರೆ ನಲ್ಲಿಯ ಕತ್ತು ಅಲುಗಲಿಲ್ಲ. ಮಗ್ಗಿ ಒಪ್ಪಿಸುವಂತೆ ತುಟಿ ಆಡಿಸುತ್ತ ಅವಳು ಎರಡೂ ಕೈ ಕೊಟ್ಟು, ಮೈಭಾರವೆಲ್ಲ ಕೊಟ್ಟು ಎಳೆದಳು. ಮೂರನೆಯ ಎಳೆತಕ್ಕೆ ಕಿರ್ರೆಂದು ಬಿಟ್ಟಿತು. ಒಳಗಿನ ಕಡ್ಡಿಯನ್ನು ಮೇಲೆತ್ತಿ ತಲೆಕೆಳಗು ಮಾಡಿದಳು. ತುದಿಯಲ್ಲಿ ಹಳೆಯ ವಾಷರ್ ಸವೆದು, ಒಂದು ಪಕ್ಕ ಇಲಿ ಕಡಿದಂತಾಗಿತ್ತು. ಸೂಜಿಯಿಂದ ಹೊಲಿಗೆ ಬಿಚ್ಚುವಂತೆ ಉಗುರಿನಿಂದ ಅದನ್ನು ಎಬ್ಬಿಸಿ ತೆಗೆದಳು. ಹೊಸದನ್ನು ಕೂರಿಸುವಾಗ ಬೆರಳಿನಿಂದ ಜಾರಿ ಅದು ಸಿಂಕಿಗೆ ಉರುಳಿತು. ಮೂವರೂ "ಅಯ್ಯೋ" ಎಂದರು. ನೀರು ಹೋಗುವ ತೂತಿನ ಅಂಚಿಗೆ ಹೋದದ್ದನ್ನು ಡ್ರೈವರಮ್ಮ ಅಂಗೈ ಅಡ್ಡ ಇಟ್ಟು ತಡೆದಳು, ಎತ್ತಿ ಕೊಟ್ಟಳು.

ಈ ಸಲ ಕೂತಿತು. ಕಡ್ಡಿ ಒಳಗೆ, ಕತ್ತು ಮೇಲೆ, ಸ್ಪ್ಯಾನರ್ ಬಿಗಿ. ತೀರ ಬಿಗಿ ಬೇಡ, ಗುಂಡಿ ಹಾಕಿದಷ್ಟು ಎಂದಿದ್ದರು ಗಂಡ.

ನರ್ಸಕ್ಕ ಹಿತ್ತಿಲಿಗೆ ಹೋಗಿ ವಾಲ್ವು ತೆರೆದಳು. ಪೈಪು ಗೋಡೆಯೊಳಗೆ ಒಂದು ಸಲ ಕೆಮ್ಮಿತು. ದರ್ಜಿಯಮ್ಮ ನಲ್ಲಿ ತೆಗೆದಳು, ಕಂದು ನೀರು ಹಾರಿ ಬಂದು, ತಿಳಿಯಾಯಿತು. ಮುಚ್ಚಿದಳು.

ನಲ್ಲಿಯ ಬಾಯಿಯಲ್ಲಿ ಒಂದು ಹನಿ ಕೂಡಿಕೊಂಡು ದಪ್ಪಗಾಗಿ, ಕಿಟಕಿಯ ಬೆಳಕನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ತೂಗಿತು. ಮೂವರು ಹೆಂಗಸರೂ ಬಗ್ಗಿ, ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತ ನಿಂತರು.

ಅದು ಬೀಳಲಿಲ್ಲ.