ದೀಪದ ಹೊತ್ತಿನ ಮಾತು

ಸಿಂಧನೂರಿನ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಅನುಪಮಾಳ ಮನೆ. ಎರಡು ವರ್ಷದಿಂದ ಅವಳದು ಒಂದೇ ಕೆಲಸ. ಕಂಪ್ಯೂಟರಿನಲ್ಲಿ ಒಂದು ಪ್ರಶ್ನೆ ಬರುತ್ತದೆ, ಕೆಳಗೆ ಯಂತ್ರ ಬರೆದ ಎರಡು ಉತ್ತರ. ಯಾವುದು ಚೆನ್ನ ಎಂದು ಅವಳು ಒತ್ತಬೇಕು. ಹೀಗೆ ಒತ್ತುವ ನೂರಾರು ಜನರ ಮನಸ್ಸು ನೋಡಿ ನೋಡಿ ಯಂತ್ರ ಮಾತು ಕಲಿಯುತ್ತದೆ, ಆಮೇಲೆ ಜನರ ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುತ್ತದೆ.

ತಾಯಿಯಿಲ್ಲದ ಅವಳನ್ನು ಸಾಕಿದ ಸಾಲಗುಂದದ ಸೋದರತ್ತೆ ಜೋಗಮ್ಮ ಒಂದು ನಡೆ ಕಲಿಸಿದ್ದಳು. ದೀಪ ಹಚ್ಚಿದ ಹೊತ್ತಿನಲ್ಲಿ ಕೆಟ್ಟ ಮಾತು ಆಡಬಾರದು. ಜಡ್ಡಾದವರು ಕೇಳಿದರೆ ಏನೂ ಆಗುವುದಿಲ್ಲ, ದೇವರಿದ್ದಾನೆ ಅನ್ನಬೇಕು.

ಅನುಪಮಾ ಕೆಲಸಕ್ಕೆ ಕೂರುತ್ತಿದ್ದುದೂ ದೀಪ ಇಟ್ಟ ಮೇಲೆಯೇ. ಒಂದು ಸಂಜೆ ಪ್ರಶ್ನೆ ಬಂತು: ಸಕ್ಕರೆ ಕಾಯಿಲೆ ಇದೆ, ಕಾಲಿನ ಹುಣ್ಣು ಕಪ್ಪಗಾಗಿದೆ, ನೋವಿಲ್ಲ. ಇವತ್ತೇ ಆಸ್ಪತ್ರೆಗೆ ಹೋಗಿ, ತಡವಾದರೆ ಕಾಲು ಹೋದೀತು ಎಂದಿತ್ತು ಒಂದು ಉತ್ತರ. ಹೆದರಬೇಡಿ, ಅರಿಸಿನ ಹಚ್ಚಿ, ಮನಸ್ಸು ಗಟ್ಟಿಯಿರಲಿ ಎಂದಿತ್ತು ಇನ್ನೊಂದು. ಅವಳು ದೀಪದ ಕಡೆ ನೋಡಿ ಎರಡನೆಯದನ್ನು ಒತ್ತಿದಳು. ಆಮೇಲೂ ಅಂಥವನ್ನು ಎಷ್ಟೋ ಒತ್ತಿದಳು.

ಶ್ರಾವಣದಲ್ಲಿ ಸಾಲಗುಂದಕ್ಕೆ ಹೋದಾಗ ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಅವಳಿಗೂ ಸಕ್ಕರೆ ಕಾಯಿಲೆ; ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಹೀಗಾಗಿ ಇಪ್ಪತ್ತು ದಿನ ಆಯಿತಂತೆ.

"ದವಾಖಾನಿಗಿ ಯಾಕ ಹೋಗಲಿಲ್ಲ ಅತ್ತಿ?"

"ಫೋನಿಗೆ ಕೇಳೀನವ್ವ. ಭಾಳ ಚಂದ ಮಾತಾಡತೈತಿ. ಥೇಟ್ ನಿನ್ನಂಗ."

ಅತ್ತೆ ಮತ್ತೊಮ್ಮೆ ಕೇಳಿಸಿದಳು. ಹೆದರಬೇಡಿ, ಅರಿಸಿನ ಹಚ್ಚಿ, ಎಂದಿತು ಫೋನು. ಅನುಪಮಾಳಿಗೆ ತಾನು ಒತ್ತಿದ ಉತ್ತರ ನೆನಪಾಯಿತು. ತನ್ನೊಬ್ಬಳ ಬೆರಳಿನಿಂದ ಇದಾಯಿತೆಂದು ಯಾರೂ ಹೇಳಲಾರರು. ಆದರೂ ಆ ದನಿಯ ಹಿಂದೆ ತನ್ನ ಮನೆಯ ದೀಪ ಉರಿಯುತ್ತಿದ್ದುದು ಅವಳಿಗೆ ಕಂಡಿತು.

ಒಳಗೆ ಅತ್ತೆಯ ದೇವರ ಮುಂದೆಯೂ ಆಗಷ್ಟೇ ದೀಪ ಹತ್ತಿತ್ತು.

"ಕಾಲು ಹೋಗತೈತಿ ಅತ್ತಿ. ಈಗ ಏಳು."

"ದೀಪದ ಮುಂದ ಹಿಂಗ ಅಂತಾರೇನ?" ಅಂದಳು ಜೋಗಮ್ಮ, ಮೆಲ್ಲಗೆ. ಆದರೆ ಎದ್ದಳು.

ಅನುಪಮಾ ಅವಳನ್ನು ಆಟೋದಲ್ಲಿ ಸಿಂಧನೂರಿನ ಆಸ್ಪತ್ರೆಗೆ ಕರೆತಂದಳು. ಎರಡು ಬೆರಳು ತೆಗೆದರು. ಪಾದ ಉಳಿಯುವುದೋ ಇಲ್ಲವೋ, ಡಾಕ್ಟರು ಹೇಳಲಿಲ್ಲ.

ಮರುದಿನ ಸಂಜೆ, ಪಕ್ಕದ ಮಂಚದವರು ಊದಿನಕಡ್ಡಿ ಹಚ್ಚಿದ ಹೊತ್ತಿಗೆ, ಅತ್ತೆ ಫೋನು ಕೈಗೆತ್ತಿಕೊಂಡು ನನ್ನ ಪಾದ ಉಳಿಯುತ್ತದೆಯೇ ಎಂದು ಕೇಳಿದಳು. ಅದು ಮಾತು ಶುರು ಮಾಡುತ್ತಲೇ ತಲೆದಿಂಬಿನ ಕೆಳಗೆ ತುರುಕಿ, ಅನುಪಮಾಳ ಮುಖ ನೋಡಿದಳು.

"ನೀ ಹೇಳವ್ವ."

"ಗೊತ್ತಿಲ್ಲ ಅತ್ತಿ," ಅಂದಳು ಅನುಪಮಾ.

ಜೋಗಮ್ಮ ತಲೆಯಾಡಿಸಿ ಅವಳ ಕೈ ಹಿಡಿದುಕೊಂಡಳು. ದಿಂಬಿನ ಕೆಳಗಿನಿಂದ ಸಮಾಧಾನದ ಮಾತು ಕೇಳುತ್ತಲೇ ಇತ್ತು.