ಮುದ್ದಮ್ಮನ ಬದುವಿನ ಮೇಲೆ ಬೇಲಿ

ಸೋಲಾರ್ ಬೇಲಿಗೆ ಮನೆಗೆ ಹನ್ನೆರಡು ಸಾವಿರ ವಂತಿಗೆ ಎಂದು ಕೂಟದ ಸಭೆಯಲ್ಲಿ ಮುಖಂಡ ಗಂಗಾಧರಯ್ಯ ಲೆಕ್ಕದ ಪುಸ್ತಕ ನೋಡಿ ಓದಿದಾಗ ಮುದ್ದಮ್ಮನ ಮೈಯೆಲ್ಲ ಉರಿಯಿತು. ಆನೆ ಕಾಟ ತಡೆಯಲಾರದೆ ಬಿಕ್ಕೋಡಿನ ಆಚೆಯ ಮೂರು ಹಳ್ಳಿಗಳು ಕೂಟ ಕಟ್ಟಿಕೊಂಡು ನಾಲ್ಕು ವರ್ಷವಾಗಿತ್ತು. ಒಂದೂರಿಗೆ ಆನೆ ನುಗ್ಗಿದರೆ ಮೂರೂರೂ ಓಡಿಬರಬೇಕು ಎಂಬುದು ಮಾತು. ಈಗ ಬೇಲಿಯ ಖರ್ಚನ್ನೂ ಮಾರಮ್ಮನ ಹಬ್ಬಕ್ಕೆ ಎತ್ತುವ ಹಾಗೆ ಮನೆವಾರು ಎತ್ತೋಣ ಎಂದು ಎಲ್ಲರೂ ತಲೆಯಾಡಿಸಿಬಿಟ್ಟಿದ್ದರು. ಬುದ್ಧಿ ಎಲ್ಲಿಟ್ಟಿದ್ದರೋ!

ಗಂಗಾಧರಯ್ಯನದು ನೂರ ನಲವತ್ತು ಎಕರೆ ಕಾಫಿ ತೋಟ. ಮುದ್ದಮ್ಮನದು ಕಾಡಂಚಿನ ಮುಕ್ಕಾಲು ಎಕರೆ ಗದ್ದೆ. ಅಲ್ಲಿಯ ಭತ್ತ ಹೋದರೆ ವರ್ಷದ ಅನ್ನ ಹೋದಂತೆ.

“ಮಾರಮ್ಮಂಗೆ ಎಲ್ಲಾ ಮನೇನೂ ಒಂದೇಯ, ಒಪ್ತೀನಿ,” ಎಂದು ಎದ್ದು ನಿಂತಳು. “ಆನೆ ಮನೆ ಎಣಿಸ್ಕಂಡು ಬತ್ತದಾ? ಬೆಳೆ ನೋಡ್ಕಂಡು ಬತ್ತದೆ. ಎಕರೆ ಲೆಕ್ಕಕ್ಕೆ ಹಾಕಿ, ನನ್ ಪಾಲು ಕೊಡ್ತೀನಿ.”

“ಆಗದಿದ್ರೆ ಬಿಡು ಮುದ್ದಮ್ಮ. ನಿನ್ ಗದ್ದೆ ಬೇಲಿ ಆಚೆಗಿರ್ಲಿ,” ಎಂದ ಗಂಗಾಧರಯ್ಯ.

ಮರುದಿನ ಬೆಳಿಗ್ಗೆ ನೋಡಿದರೆ, ಅವಳ ಗದ್ದೆಯ ಊರ ಕಡೆಯ ಬದುವಿನ ಮೇಲೇ ಊರವರು ಕಂಬಕ್ಕೆ ಗುಂಡಿ ತೋಡುತ್ತಿದ್ದಾರೆ! ಒಂದು ಕಡೆ ಹಳ್ಳ, ಇನ್ನೊಂದು ಕಡೆ ಬಂಡೆ. ಅವಳ ಗದ್ದೆ ಬಿಟ್ಟರೆ ಬೇಲಿ ಹಾಯಲು ಬೇರೆ ಜಾಗವಿಲ್ಲ. ಕಂಬಕ್ಕೆ ಅವಳ ನೆಲ ಬೇಕು, ಅವಳ ಭತ್ತ ಮಾತ್ರ ಆನೆಗೆ. ಮುದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಯೊಳಗೇ ಇಳಿದು ನಿಂತಳು.

ಸುದ್ದಿ ತಿಳಿದು ಗಂಗಾಧರಯ್ಯ ಜೀಪಿನಲ್ಲಿ ಬಂದ. “ಊರಿನ ಕೆಲಸಕ್ಕೆ ಅಡ್ಡ ಬರಬ್ಯಾಡ.”

“ಊರಿನ ಕೆಲಸನಾ? ಮನೆಗೊಬ್ರು ಕಾವಲಿಗೆ ಬರ್ಬೇಕು ಅಂತ ಮಾತಾಗಿತ್ತು. ನಾಲ್ಕು ವರ್ಸದಲ್ಲಿ ನಿಮ್ಮನೆಯಿಂದ ಯಾರು ಬಂದವ್ರೆ? ಕೂಲಿಯೋರನ್ನ ಕಳ್ಸಿದ್ರಿ. ನಿಮ್ ತೋಟ ಕಾಯಕ್ಕೆ ಪಂಜು ಹಿಡ್ಕಂಡು ಓಡಿದೋಳು ನಾನು!”

ಹಾರೆ ಹಿಡಿದು ನಿಂತಿದ್ದ ಎರಡೆಕರೆಯ ಹನುಮಂತಯ್ಯ ನಿನ್ನೆ ತಲೆಯಾಡಿಸಿದವರಲ್ಲೇ ಒಬ್ಬ. ಅವನಿಗೆ ನಾಚಿಕೆಯಾಯಿತು. ಹಾರೆ ಕೆಳಗಿಟ್ಟು, “ನಂದೂ ಎಕರೆ ಲೆಕ್ಕಕ್ಕೇ ಬರ್ಕಳಿ,” ಎಂದ. ಉಳಿದವರೂ ಗುದ್ದಲಿ ಇಳಿಸಿದರು.

“ಹಂಗಾದ್ರೆ ಅರ್ಧ ಬೇಲಿ ನಾನೊಬ್ನೇ ಕಟ್ಟಿಸ್ಬೇಕಾಯ್ತದೆ!” ಎಂದ ಗಂಗಾಧರಯ್ಯ.

“ಬೇಲಿ ಒಳಗಿರೋ ಅರ್ಧ ನೆಲ ನಿಮ್ದೇ ಅಲ್ವಾ? ಕಟ್ಸಿ,” ಎಂದಳು ಮುದ್ದಮ್ಮ ಗುಂಡಿಯೊಳಗಿಂದಲೇ.

ಗಂಗಾಧರಯ್ಯ ಸುತ್ತ ನೋಡಿದ. ಒಬ್ಬರೂ ಅಲುಗಲಿಲ್ಲ. ಕೊನೆಗೆ ಜೀಪಿನಿಂದ ಪುಸ್ತಕ ತಂದು, ‘ಮನೆಗೆ ಹನ್ನೆರಡು ಸಾವಿರ’ ಎಂದಿದ್ದುದನ್ನು ಹೊಡೆದುಹಾಕಿ, ಒಟ್ಟು ಖರ್ಚನ್ನು ಎಕರೆವಾರು ಹಂಚಿ ಬರೆದ.

“ಸರಿ, ಆಯ್ತಲ್ಲ. ಮೇಲಕ್ಕೆ ಬಾ ಇನ್ನ.”

“ಮೊದಲ್ನೇ ಕಂಬ ಕಾಡಿನ ಕಡೆ ಬದುವಿನ್ ಮ್ಯಾಲೆ ನಿಲ್ಲಿಸಿ,” ಎಂದಳು ಮುದ್ದಮ್ಮ. “ಆಮ್ಯಾಕೆ ಬತ್ತೀನಿ.”