ಕಾಫಿ ಮೇಜಾದ ಇಂಜಿನ್

ಜಾಂಟಿ ಮೌನ್ಸಿಯ ಲ್ಯಾಂಡ್‌ರೋವರ್ ಆರು ತಿಂಗಳ ಮೇಲೆ ಮನೆಗೆ ವಾಪಸ್ಸು ಬಂದದ್ದು ಲಾರಿಯ ಬೆನ್ನೇರಿ, ಬೂದು ಬಟ್ಟೆಯ ಮುಸುಕು ಹೊದ್ದು, ಥೇಟ್ ಮದುವಣಗಿತ್ತಿಯ ಹಾಗೆ. ಐವತ್ತು ವರ್ಷ ಕೆಸರಿನಲ್ಲಿ, ಕುರಿಯ ಹಿಕ್ಕೆಯಲ್ಲಿ ಉರುಳಾಡಿದ ಗಾಡಿ ಅದು. ಯಾರನ್ನೂ ಒಂದು ಮುಸುಕು ಕೇಳಿದ್ದಿಲ್ಲ. ಲಾರಿಯಿಂದ ಇಬ್ಬರು ಗಂಡಸರು ಇಳಿದರು, ಬಿಳಿಯ ಕೈಗವಸು ತೊಟ್ಟರು, ಉಸಿರು ಬಿಗಿಹಿಡಿದು ಬಟ್ಟೆ ಎಳೆದರು. ಕ್ರಿಸ್ಪಿನ್ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲವಾದ್ದರಿಂದ ಅವನೇ ಇನ್ನೂ ಸ್ವಲ್ಪ ಹೊತ್ತು ತಟ್ಟಿದ.

ಕ್ರಿಸ್ಪಿನ್ ಜಾಂಟಿಯ ಅಳಿಯ, ಮಗಳು ಥರ್ಜಾಳ ಗಂಡ. ದಕ್ಷಿಣದ ಕಡೆಯವನು. ಮನೆಯ ಮಾಳಿಗೆಯಲ್ಲಿ ಕಂಪ್ಯೂಟರಿನ ಮುಂದೆ ಅವನ ಕೆಲಸ. ಆರು ವರ್ಷದ ಹಿಂದೆ ನಮ್ಮ ಕಣಿವೆಗೆ ಬಂದವನು ಆರೇ ತಿಂಗಳಲ್ಲಿ ಇಲ್ಲಿನ ಅಷ್ಟೂ ಗುಡ್ಡಗಳ ಹೆಸರು, ಎತ್ತರ ಬಾಯಿಪಾಠ ಮಾಡಿದ್ದ. ಜಾಂಟಿಗೆ ಅವುಗಳಲ್ಲಿ ಅರ್ಧದ ಹೆಸರೂ ಗೊತ್ತಿಲ್ಲ. 'ಆಚೆದು', 'ಅದರಾಚೆದು' ಎಂದರೆ ಅವನಿಗೆ ಸಾಕು. ಅಳಿಯ ಕೆಟ್ಟವನಲ್ಲ. ತುಂಬ ಒಳ್ಳೆಯವನು. ತೊಂದರೆ ಇದ್ದದ್ದೇ ಅಲ್ಲಿ.

ನಾನು ನೆಲ್ ಫ್ಲೆಮಿಂಗ್. ಚಾಪೆಲ್ಲಿನ ಹಿಂದಿನ ತಗಡಿನ ಷೆಡ್ಡು ನನ್ನದು. ರಿಪೇರಿಯನ್ನು ನನಗೆ ಯಾವ ಶಾಲೆಯೂ ಕಲಿಸಲಿಲ್ಲ; ಬೆಸುಗೆ ಕಲಿಸಿದ್ದು ಕೈಮೇಲಿನ ಸುಟ್ಟ ಕಲೆಗಳು. ಜಾಂಟಿಯ ಗಾಡಿಯ ಹೊಟ್ಟೆಯ ಕೆಳಗೆ ಮೂವತ್ತೊಂದು ವರ್ಷ ಮಲಗಿದ್ದೇನೆ. "ನನ್ನ ಪಕ್ಕ ಮಲಗಿದ್ದಕ್ಕಿಂತ ಅದರ ಕೆಳಗೇ ಜಾಸ್ತಿ ಮಲಗಿದೀಯ ಕಣೇ" ಎಂದು ನನ್ನ ಗಂಡ ಸಾಯುವ ತನಕ ಹೇಳುತ್ತಿದ್ದ. ಆ ಲೆಕ್ಕ ತಪ್ಪೇನಲ್ಲ.

ಜೂನ್ ತಿಂಗಳಲ್ಲಿ ಜಾಂಟಿಯ ಸೊಂಟದ ಕೀಲು ಕೈಕೊಟ್ಟಿತು. ಗಾಡಿ ಹತ್ತಲಾರದೆ, ಆಪರೇಷನ್ನಿನ ಸರದಿ ಕಾಯುತ್ತ ಕುರ್ಚಿಯಲ್ಲಿ ಕೂತ. ಅದೇ ಸಮಯವೆಂದು ಅಳಿಯ, ಮಾವನ ಎಪ್ಪತ್ತನೆಯ ಹುಟ್ಟುಹಬ್ಬದ ಕಾಣಿಕೆಯಾಗಿ, ಗಾಡಿಯನ್ನು 'ಓಕ್ ಅಂಡ್ ಆನ್ವಿಲ್' ಎಂಬ ಕಡೆಗೆ ಸಾಗಿಸಿದ. ಗ್ಯಾರೇಜ್ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಹಳೆಯ ಗಾಡಿಗಳಿಗೆ ಅವರು ಮರುಜನ್ಮ ಕೊಡುತ್ತಾರಂತೆ. ಮರುಜನ್ಮಕ್ಕೆ ಮೊದಲು ಸಾಯಿಸಬೇಕಲ್ಲ, ಆ ವಿಷಯ ಅವರ ಹೊಳೆಯುವ ಪುಸ್ತಿಕೆಯಲ್ಲಿ ಇರಲಿಲ್ಲ.

ಅಲ್ಲಿಂದ ಗಾಡಿಯ ಜೊತೆಗೆ ಬಂದಿದ್ದ ಯಜಮಾನನಿಗೆ ಮೇಣ ತೀಡಿದ ಮೀಸೆ. ಆಪರೇಷನ್ ಮುಗಿಸಿಕೊಂಡು ಕೋಲೂರಿ ನಿಂತ ಜಾಂಟಿಗೆ ಅವನು ಒಂದೊಂದನ್ನೂ ತೋರಿಸತೊಡಗಿದ.

"ಬಾಗಿಲಿಗೆ ಚರ್ಮದ ಪಟ್ಟಿ ಸರ್, ಕೈಯಲ್ಲೇ ಹೆಣೆದಿದ್ದು. ಮೊದಲು ಇಲ್ಲಿ ಹುಲ್ಲುಕಟ್ಟಿನ ದಾರ ಕಟ್ಟಿದ್ರಲ್ಲ, ಅದರ ನೆನಪಿಗೆ."

"ದಾರ ಏನಾಯ್ತು?"

"ಅದು ಕೊಳಕಾಗಿತ್ತು ಸರ್."

"ಅದು ಬಾಗಿಲು ಮುಚ್ತಿತ್ತು."

ಮೀಸೆಯವ ನಕ್ಕು ಸೀಟಿಗೆ ಬಂದ. "ಮುಟ್ಟಿ ನೋಡಿ. ಅಪ್ಪಟ ಕುರಿಯ ತುಪ್ಪಳ. ಆಸ್ಟ್ರೇಲಿಯಾದಿಂದ ತರಿಸಿದ್ದು."

ಜಾಂಟಿ ಕೋಲೆತ್ತಿ ಗೋಡೆಯಾಚೆ ತೋರಿಸಿದ. "ಅಲ್ಲಿ ಬೆಳ್ಳಗೆ ಏನೋ ಮೇಯ್ತಾ ಇದೆ, ನೋಡಿ. ಏನಿರಬಹುದು?"

"ಕುರಿ, ಸರ್."

"ಸದ್ಯ. ನನ್ ಕಣ್ಣೂ ಹೋಯ್ತೇನೋ ಅಂದ್ಕೊಂಡೆ."

ಬಣ್ಣದ ಹೆಸರು 'ಗುಡ್ಡದ ಮಂಜು'. "ಮಂಜಲ್ಲಿ ಮಂಜಿನ ಬಣ್ಣದ ಗಾಡಿ," ಎಂದ ಜಾಂಟಿ ನನ್ನ ಕಡೆ ತಿರುಗಿ. "ಕಳೆದುಹೋಗೋಕೆ ಎಷ್ಟು ಅನುಕೂಲ ನೋಡು, ನೆಲ್." ಹಿಂದುಗಡೆ ಕುರಿಮರಿಗಳನ್ನು ಹಾಕುತ್ತಿದ್ದ ಜಾಗದಲ್ಲಿ ಈಗ ವಾಲ್ನಟ್ ಮರದ ಪೆಟ್ಟಿಗೆ, ಅದರಲ್ಲಿ ಗಾಜಿನ ಲೋಟ ಆರು, ವೈನ್ ತಂಪಾಗಿಡಲು ಚರ್ಮ ಸುತ್ತಿದ ಬಕೆಟ್ಟು ಒಂದು. ನಾಯಿ ಫ್ಲೀಟ್ ಹಳೆಯ ಅಭ್ಯಾಸದಂತೆ ಒಳಕ್ಕೆ ಹಾರಲು ಹೋಯಿತು. ಕೈಗವಸಿನವರಿಬ್ಬರೂ ಒಟ್ಟಿಗೆ ಕಿರುಚಿದರು.

ಮುಂದಿನ ಮುಚ್ಚಳ ಎತ್ತಿದರೆ ಒಳಗೆ ಇಂಜಿನ್ನೇ ಇಲ್ಲ. ಕರೆಂಟಿನ ಮೋಟಾರು. ಸದ್ದಿಲ್ಲ, ಹೊಗೆಯಿಲ್ಲ.

"ಹಳೇ ಇಂಜಿನ್ನು?" ಎಂದೆ.

ಕ್ರಿಸ್ಪಿನ್ನನ ಮುಖ ಅರಳಿತು. ಆ ಪ್ರಶ್ನೆಗಾಗಿಯೇ ಕಾದಿದ್ದ. ಲಾರಿಯಿಂದ ಮತ್ತೊಂದು ಮುಸುಕು ಇಳಿಯಿತು, ಚಕ್ರದ ಹಲಗೆಯ ಮೇಲೆ ಸಾಗಿ ನಡುಮನೆಯ ಬೆಂಕಿಗೂಡಿನ ಮುಂದೆ ನಿಂತಿತು. ಬಟ್ಟೆ ತೆಗೆದರೆ ನನ್ನ ಮೂವತ್ತೊಂದು ವರ್ಷ ಕಪ್ಪು ಬಣ್ಣ ಬಳಿದುಕೊಂಡು, ತಲೆಯ ಮೇಲೆ ದಪ್ಪ ಗಾಜು ಹೊತ್ತು ಕೂತಿದೆ. ಕಾಫಿ ಮೇಜು!

ಜಾಂಟಿ ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ತನ್ನ ಟೀ ಲೋಟವನ್ನು ಅದರ ಮೇಲಿಟ್ಟ. ಕ್ರಿಸ್ಪಿನ್ ಓಡಿಬಂದು ಲೋಟದ ಕೆಳಗೆ ಬಟ್ಟೆಯ ಬಿಲ್ಲೆ ಸರಿಸಿದ.

ಇದು ಕ್ರಿಸ್‌ಮಸ್ ವಾರದ ಮಾತು. ಚಳಿಗಾಲ ಆವರೆಗೆ ಮೆತ್ತಗಿತ್ತು. ಗುಡ್ಡದ ಮೇಲೆ ಹುಲ್ಲಿದ್ದುದರಿಂದ ಕುರಿಗಳಿಗೆ ಮೇವು ಒಯ್ಯುವ ಪ್ರಸಂಗ ಬಂದಿರಲಿಲ್ಲ. ಜನವರಿಯ ಕೊನೆಯ ಗುರುವಾರ ರೇಡಿಯೋ ಹೇಳಿತು: ಸಂಜೆ ಆರರಿಂದ ಈಶಾನ್ಯದ ಗಾಳಿ, ಎರಡು ದಿನ ಬಿಡದೆ ಹಿಮ.

ಮೇಲೆ ಜಾಂಟಿಯ ಅರವತ್ತೆರಡು ಕುರಿಗಳಿದ್ದವು, ಎಲ್ಲವೂ ಗಬ್ಬದವು. ಈಶಾನ್ಯದ ಗಾಳಿ ಬೀಸಿದರೆ ಅವು ಮೇಲುಗೋಡೆಯ ಮರೆಗೆ ಹೋಗಿ ಮಲಗುತ್ತವೆ. ಹಿಮ ಆಳುದ್ದ ರಾಶಿ ಬೀಳುವುದೂ ಸರಿಯಾಗಿ ಅಲ್ಲಿಯೇ. ಸತ್ತರೆ ಬೇರೆ ತರಬಹುದಲ್ಲ ಎನ್ನುವವರು ನಮ್ಮ ಕಡೆಯವರಲ್ಲ. ಆ ಗುಡ್ಡಕ್ಕೆ ಬೇಲಿಯಿಲ್ಲ. ಎಲ್ಲಿ ಮೇಯಬೇಕು, ಎಲ್ಲಿಗೆ ನಿಲ್ಲಬೇಕು ಎನ್ನುವುದನ್ನು ಮರಿ ತಾಯಿಯಿಂದ ಕಲಿಯುತ್ತದೆ, ಅದರ ಮರಿ ಅದರಿಂದ. ಜಾಂಟಿಯ ಮುತ್ತಜ್ಜನ ಕಾಲದಿಂದ ಹಾಗೆ ನಡೆದು ಬಂದಿದೆ. ಸಂತೆಯಿಂದ ತಂದ ಕುರಿ ಮರುದಿನವೇ ಇನ್ನೊಂದು ಕಣಿವೆಯಲ್ಲಿರುತ್ತದೆ. ಆ ಹಿಂಡು ಹೋದರೆ ಜಾಂಟಿಗೆ ಗುಡ್ಡವೂ ಹೋದಂತೆ.

ಬೆಳಗಿನಿಂದ ಮೋಡ ಗುಡ್ಡದ ಅರ್ಧಕ್ಕೆ ಇಳಿದು ಕೂತಿತ್ತು. ಥರ್ಜಾ ನಾಯಿಯೊಂದಿಗೆ ಹತ್ತಿ, ನಾಲ್ಕು ಗಂಟೆ ಅಲೆದು, ಹನ್ನೊಂದು ಕುರಿಗಳನ್ನಷ್ಟೇ ಇಳಿಸಿಕೊಂಡು ಬಂದಳು. ಫೋನಿನಲ್ಲಿ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ನೆಲ್, ಟ್ರಾಕ್ಟರ್ ತಗೊಂಡು ಬಾರೆ. ನನ್ ಕಾಲೇ ನಂಗೆ ಕಾಣ್ತಾ ಇರ್ಲಿಲ್ಲ, ಇನ್ನು ಕುರಿ ಎಲ್ಲಿ ಕಾಣುತ್ತೆ? ಅಪ್ಪ ಗಾಡಿ ತಗೊಂಡು ಬಾಗ್ಲಿಗೆ ಹೊರಟಿದಾರೆ. ಬೇಡ ಅಂದ್ರೆ ಕೇಳ್ತಿಲ್ಲ."

ಬಾಗಿಲು ಎಂದರೆ ಗುಡ್ಡಕ್ಕೂ ಹೊಲಕ್ಕೂ ನಡುವಿನ ಕಲ್ಲುಗೋಡೆಯ ಗೇಟು. ಚಳಿಗಾಲದಲ್ಲಿ ಮೇವು ಹಾಕುವುದು ಅಲ್ಲಿ. ಗಾಡಿಯ ಸದ್ದು ಕೇಳಿದರೆ ಮೇವು ಬಂತೆಂದು ಕುರಿಗಳು ತಾವೇ ಇಳಿದು ಬರುತ್ತಿದ್ದವು. ನಾನು ಮುಟ್ಟುವಷ್ಟರಲ್ಲಿ ಮಂಜಿನ ಬಣ್ಣದ ಗಾಡಿ ಮಂಜಿನೊಳಗೆ ನಿಂತಿತ್ತು. ಜಾಂಟಿ ಒಳಗೆ ಕೂತು ಪೆಡಲನ್ನು ತುಳಿಯುತ್ತಲೇ ಇದ್ದ. ಗಾಡಿ ಮಾತಾಡಲಿಲ್ಲ. ಕಿಟಕಿಯಿಂದ ತಲೆ ಹಾಕಿ ಕೂಗಿದ; ದನಿಯನ್ನು ಗಾಳಿ ಕೆಳಕ್ಕೆ, ಊರಿನ ಕಡೆಗೆ ಒಯ್ದಿತು. ಗೋಡೆಯ ಹತ್ತಿರ ಮೂರೇ ಮೂರು ಕುರಿಗಳು ನಮ್ಮನ್ನು ಅನುಮಾನದಿಂದ ನೋಡುತ್ತಿದ್ದವು.

"ಸದ್ದು ಬೇಕಾ ಮಾವ? ಸದ್ದೂ ಇದೆ!" ಕ್ರಿಸ್ಪಿನ್ ಫೋನು ತೆಗೆದು ಏನೋ ಒತ್ತಿದ. ಗಾಡಿಯ ಅಡಿಯ ಸ್ಪೀಕರುಗಳಿಂದ ಭಾರೀ ರೇಸ್ ಕಾರೊಂದು ಗರ್ಜಿಸಿತು. ಓಕ್ ಅಂಡ್ ಆನ್ವಿಲ್‌ನವರು ಪ್ರೀತಿಯಿಂದ ಸೇರಿಸಿದ 'ಪಾರಂಪರಿಕ ನಾದ' ಅದಂತೆ. ಫ್ಲೀಟ್ ನನ್ನ ಕಾಲಿನ ನಡುವೆ ನುಗ್ಗಿತು. ಕುರಿಗಳು ಬೆನ್ನು ತಿರುಗಿಸಿ ಮೋಡದೊಳಗೆ ಮಾಯವಾದವು.

"ಭೇಷ್ ಅಳಿಯಂದ್ರೇ," ಎಂದ ಜಾಂಟಿ. "ಮೂರಿದ್ವು. ಅವನ್ನೂ ಕಳಿಸಿಕೊಟ್ರಿ."

ಕ್ರಿಸ್ಪಿನ್ ಫೋನನ್ನು ಜೇಬಿಗಿಟ್ಟ. ಗಂಟೆ ಎರಡಾಗಿತ್ತು. ಜಾಂಟಿ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದ. ಆಮೇಲೆ ನನ್ನ ಕಡೆ ತಿರುಗಿದ.

"ನೆಲ್. ಆ ಮೇಜು ಸ್ಟಾರ್ಟ್ ಆಗುತ್ತಾ?"

ನಾವು ಮನೆಗೆ ಇಳಿದೆವು. ಗಾಜನ್ನು ಎತ್ತಿ ಗೋಡೆಗೆ ಒರಗಿಸಿ, ನಡುಮನೆಯ ಕಂಬಳಿಯ ಮೇಲೆ ಮಂಡಿಯೂರಿ, ಮುಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ. ತಿರುಗಿತು! ಒಳಗೆ ಗಾಳಿ ಒತ್ತಿ ಹಿಡಿಯುವುದು ಕೈಗೆ ಗೊತ್ತಾಯಿತು. ಆರು ತಿಂಗಳು ಇಟ್ಟುಕೊಂಡಿದ್ದ ಆ ಮಹಾನುಭಾವರು ಒಂದು ಬೋಲ್ಟನ್ನೂ ಬಿಚ್ಚಿರಲಿಲ್ಲ. ಎಣ್ಣೆ ಬಸಿದಿದ್ದರು, ಕೊಳೆಯ ಮೇಲೆಯೇ ಬಣ್ಣ ಬಳಿದಿದ್ದರು, ಗಾಜಿಟ್ಟಿದ್ದರು. ಎಣ್ಣೆಯ ಮುಚ್ಚಳದ ಸುತ್ತ ಬಣ್ಣ ಗಟ್ಟಿಯಾಗಿ, ಚಾಕುವಿನಿಂದ ಕೊಯ್ದು ತೆಗೆಯಬೇಕಾಯಿತು. ಕರಕುಶಲತೆಯ ಬಗ್ಗೆ ನಲವತ್ತು ಪುಟದ ಪುಸ್ತಿಕೆ ಅಚ್ಚು ಹಾಕಿಸಿದವರ ಸೋಮಾರಿತನ ಅದು. ಅದಕ್ಕೆ ನಾನು ಇವತ್ತಿಗೂ ಕೃತಜ್ಞಳು.

ಬಂದ ಬಾಗಿಲಿನಿಂದ ಹೊರಗೆ ತರಲು ಈಗ ಚಕ್ರದ ಹಲಗೆ ಇರಲಿಲ್ಲ. ಕಿಟಕಿಯ ಚೌಕಟ್ಟು ಕಿತ್ತು, ಟ್ರಾಕ್ಟರಿನ ಮುಂದಿನ ಕೊಕ್ಕೆಗೆ ಸರಪಳಿ ಬಿಗಿದು ಎತ್ತಿದೆವು.

"ಗೋಡೆಗೆ ಮೊನ್ನೆ ತಾನೇ ಬಣ್ಣ ಹೊಡೆಸಿದ್ದು," ಎಂದ ಕ್ರಿಸ್ಪಿನ್.

"ರೀ," ಎಂದಳು ಥರ್ಜಾ, "ಸರಪಳಿ ಹಿಡೀರಿ."

ಕುರಿ ಸಾಗಿಸುವ ಟ್ರೇಲರಿನ ಮೇಲೆ ಅದನ್ನು ಮಲಗಿಸಿ, ಬ್ಯಾಟರಿ, ಡೀಸೆಲ್ ಡಬ್ಬ, ಎಣ್ಣೆ ಎಲ್ಲ ಜೋಡಿಸಿದೆ. ಹೊಗೆಕೊಳವೆ ಒಂದೇ ಬಾಕಿ. ಜೂನಿನಲ್ಲಿ ಗಾಡಿಯನ್ನು ಲಾರಿಗೆ ಎಳೆಯುವಾಗಲೇ ಅದು ಎಂದಿನಂತೆ ಕಳಚಿಬಿದ್ದು, ಜಾಂಟಿಯ ಷೆಡ್ಡಿನ ಹಿಂದೆ ತುರಿಕೆಗಿಡಗಳ ನಡುವೆ ಬಿದ್ದಿತ್ತು. ಬೀನ್ಸ್ ಡಬ್ಬದ ತಗಡಿನಿಂದ ನಾನು ಹಾಕಿದ್ದ ತೇಪೆ ಹಾಗೇ ಇತ್ತು. ಅದನ್ನೂ ತಂತಿಯಲ್ಲಿ ಬಿಗಿದೆ. ಟ್ರೇಲರನ್ನು ಮೇಲಿನ ಗೇಟಿಗೆ ಎಳೆದದ್ದು ಆ ಮಂಜಿನ ಬಣ್ಣದ ಗಾಡಿಯೇ. ಎಳೆಯುವುದರಲ್ಲಿ ಅದಕ್ಕೆ ಹೆಸರಿಡುವ ಹಾಗಿಲ್ಲ. ಅಷ್ಟು ನ್ಯಾಯ ನಾನು ಹೇಳಲೇಬೇಕು.

ನೀರಿನ ರೇಡಿಯೇಟರ್ ಇಲ್ಲ, ಇಂಜಿನ್ ಕಾಯುತ್ತದೆ. "ನೀನು ಹಳ್ಳದಿಂದ ನೀರು ತಂದು ಈ ತೂತಿಗೆ ಸುರೀತಾ ಇರ್ಬೇಕು. ಸಣ್ಣಗೆ. ನಿಲ್ಲಿಸ್ಬೇಡ," ಎಂದೆ ಕ್ರಿಸ್ಪಿನ್ನನಿಗೆ.

"ಯಾವುದ್ರಲ್ಲಿ ತರ್ಲಿ?"

ಎಲ್ಲರೂ ಸುತ್ತ ನೋಡಿದೆವು. ವೈನಿನ ಬಕೆಟ್ಟು! ಆ ಮರುಜನ್ಮದಲ್ಲಿ ಕೆಲಸಕ್ಕೆ ಬಂದ ಮೊದಲ ವಸ್ತು.

ಮೊದಲ ಸಲ ಕೆಮ್ಮಿ ಸತ್ತಿತು. ಎರಡನೆಯ ಸಲವೂ. ಮೂರನೆಯ ಸಲ ಕರ್ರಗಿನ ಹೊಗೆ ಉಗುಳಿ ಹಿಡಿದುಕೊಂಡಿತು: ದಗ್, ದಗ್, ದಗ್, ಒಂದು ಖಾಲಿ, ಮತ್ತೆ ದಗ್, ದಗ್, ದಗ್. ಅದೇ ಕುಂಟು. ಮೂರನೆಯ ಸಿಲಿಂಡರು ಮೂವತ್ತು ವರ್ಷದಿಂದ ತಪ್ಪು ಹೆಜ್ಜೆ ಹಾಕುತ್ತಿತ್ತು. ಸರಿಮಾಡುತ್ತೇನೆಂದು ವರ್ಷಕ್ಕೊಮ್ಮೆ ನಾನು ಕೇಳುವುದು, ಮುಟ್ಟಬೇಡವೆಂದು ಜಾಂಟಿ ಹೇಳುವುದು. ಜಿಪುಣ, ಮೊಂಡ ಎಂದು ಪಬ್ಬಿನಲ್ಲಿ ಕೂತು ಊರಿಗೆಲ್ಲ ಆಡಿಕೊಂಡಿದ್ದೆ.

ಐದು ನಿಮಿಷ ಮೋಡ ಬಿಟ್ಟರೆ ಏನೂ ಇಲ್ಲ. ಆಮೇಲೆ ಮೋಡದಲ್ಲಿ ಒಂದು ಕಪ್ಪು ಚುಕ್ಕೆ. ಕಿವಿ ಹರಿದ ಮುದಿ ಕುರಿಯೊಂದು, ಜಾಂಟಿಯ ಹಿಂಡಿನ ಯಜಮಾನಿ, ತಡವಾಯಿತಲ್ಲ ಎಂದು ಬೈಯಲು ಬಂದವಳಂತೆ ಸೀದಾ ಇಳಿದು ಬಂತು. ಅದರ ಹಿಂದೆ ಸಾಲುಸಾಲಾಗಿ ಉಳಿದವು.

"ಇವು ಯಾವ್ ಯಾವ್ದೋ ಇಂಜಿನ್ ಸದ್ದಿಗೆಲ್ಲ ಬರೋಲ್ಲ," ಎಂದ ಜಾಂಟಿ, ಕ್ರಿಸ್ಪಿನ್ ನೀರಿಗೆ ಹಳ್ಳಕ್ಕೆ ಇಳಿದಿದ್ದಾಗ. "ದಿನಕ್ಕೆ ಹತ್ತು ಗಾಡಿ ಓಡಾಡುತ್ವೆ ಕೆಳಗೆ. ಕುಂಟೋದು ನಂದೊಂದೇ."

"ಅಯ್ಯೋ ಮಾರಾಯ, ಇದನ್ನ ಮೊದ್ಲೇ ಹೇಳೋಕೇನಾಗಿತ್ತು!"

"ನೀನು ಯಾವತ್ತು ಕೇಳಿದ್ದೆ? ಬೈತಿದ್ದೆ ಅಷ್ಟೆ."

ಗೇಟಿನಲ್ಲಿ ನಿಂತು ಅವನು ಎಣಿಸತೊಡಗಿದ. ಮೈಯೆಲ್ಲ ಒದ್ದೆಯಾಗಿದ್ದ ಕ್ರಿಸ್ಪಿನ್ ಬಕೆಟ್ಟು ಬಗ್ಗಿಸುತ್ತಲೇ "ಯಾನ್, ಟಾನ್, ಟೆಥೆರಾ" ಎಂದು ಶುರುಮಾಡಿದ. ನಮ್ಮ ಅಜ್ಜಂದಿರು ಕುರಿ ಎಣಿಸುತ್ತಿದ್ದ ಒಂದು, ಎರಡು, ಮೂರಂತೆ ಅದು. ಈಗ ಪ್ರವಾಸಿಗರಿಗೆ ಟವೆಲ್ಲಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ.

"ಬಾಯ್ಮುಚ್ಚಪ್ಪ, ಲೆಕ್ಕ ತಪ್ಪುತ್ತೆ," ಎಂದ ಜಾಂಟಿ. "ನಲವತ್ತೆಂಟು. ಐವತ್ತು."

ಬೆಳಗಿನ ಹನ್ನೊಂದು ಬಿಟ್ಟು ಐವತ್ತೊಂದು ಬರಬೇಕು. ಇಂಜಿನ್ನಿನ ಹೊಸ ಬಣ್ಣ ಗುಳ್ಳೆಗಟ್ಟಿ ನಾರತೊಡಗಿತ್ತು. ಹಿಮದ ಮೊದಲ ಚೂರುಗಳು ಅದರ ಮೇಲೆ ಬಿದ್ದು ಚುಂಯ್ ಎನ್ನುತ್ತಿದ್ದವು. "ಇನ್ನು ನಿಲ್ಲಿಸ್ತೀನಿ ಜಾಂಟಿ, ಕಾದು ಜಾಮ್ ಆಗಿಬಿಡುತ್ತೆ," ಎಂದೆ. ಅವನು ಗುಡ್ಡದ ಕಡೆಯೇ ನೋಡುತ್ತಿದ್ದ. ಕ್ರಿಸ್ಪಿನ್ ನನ್ನ ಮುಖ ನೋಡಿದ, ಮಾವನ ಮುಖ ನೋಡಿದ, ಬಕೆಟ್ಟು ಹಿಡಿದು ಹಳ್ಳಕ್ಕೆ ಓಡಿದ. ಜಾರಿ ಬಿದ್ದ, ಎದ್ದ, ಮತ್ತೆ ತುಂಬಿ ತಂದ. ಇನ್ನೂ ನಾಲ್ಕು ಸಲ ತಂದ. ಐದನೆಯ ಬಕೆಟ್ಟಿಗೆ, ಹೊಟ್ಟೆ ಭಾರದ ಎಳೆ ಕುರಿಯೊಂದು ಅವಸರವಿಲ್ಲದೆ ಇಳಿದು ಗೇಟು ದಾಟಿತು.

"ಐವತ್ತೊಂದು," ಎಂದ ಜಾಂಟಿ. ಗೇಟು ಹಾಕಿ, ಜೇಬಿನಿಂದ ಹುಲ್ಲುಕಟ್ಟಿನ ದಾರ ತೆಗೆದು ಬಿಗಿದ.

ಈಗ ಚಳಿಗಾಲದ ಬೆಳಿಗ್ಗೆ ನಮ್ಮ ಕಣಿವೆಗೆ ಬಂದರೆ ನೀವೂ ನೋಡಬಹುದು: ಮುಂದೆ ಮೌನವಾಗಿ ಹೋಗುವ, ಕೆಸರು ಮೆತ್ತಿದ ಗಾಡಿ, ಹಿಂದೆ ಟ್ರೇಲರಿನಲ್ಲಿ ಎಲ್ಲಿಗೂ ಹೋಗದೆ ಬಡಬಡಿಸುವ ಇಂಜಿನ್. ಆಸ್ಟ್ರೇಲಿಯಾದ ತುಪ್ಪಳದ ಮೇಲೆ ಫ್ಲೀಟ್ ಮಲಗಿರುತ್ತದೆ. ಮೇಜಿನ ಗಾಜಿನ ಕೆಳಗೆ ಥರ್ಜಾ ಈರುಳ್ಳಿ ಜಾತಿಯ ಲೀಕ್ ಸಸಿ ಬೆಳೆಸುತ್ತಾಳೆ. ಸುದ್ದಿ ತಿಳಿದು ಮೀಸೆಯವ ಫೋನು ಮಾಡಿದ್ದ. ಟ್ರೇಲರಿಗೂ ಅದೇ ಬಣ್ಣ ಹಚ್ಚಿಕೊಡಲೇ ಎಂದು ಕೇಳಿದ. ಜಾಂಟಿ ಫೋನನ್ನು ನಾಯಿಯ ಮುಂದೆ ಹಿಡಿದ.

ಮೊನ್ನೆ ಮೇವು ಹಾಕಿ ಎಲ್ಲರೂ ಗೇಟಿನ ಹತ್ತಿರ ನಿಂತಿದ್ದೆವು. ಕ್ರಿಸ್ಪಿನ್ ತಲೆ ವಾಲಿಸಿ ಇಂಜಿನ್ ಸದ್ದನ್ನು ಬಹಳ ಗಮನವಿಟ್ಟು ಕೇಳಿದ. ಆಮೇಲೆ, ಪಾಪ, ಕಲಿತವನ ಸಂಭ್ರಮದಲ್ಲಿ ಹೇಳಿದ:

"ನೆಲ್, ಮೂರನೇ ಸಿಲಿಂಡರ್ ಸ್ವಲ್ಪ ತಪ್ತಾ ಇದೆ ಅಲ್ವಾ? ಒಂದಿನ ಸರಿಮಾಡ್ಸಿಬಿಡೋಣ."

ಜಾಂಟಿ, ಥರ್ಜಾ, ನಾನು, ಮೂವರೂ ತಿರುಗಿ ಅವನನ್ನು ನೋಡಿದೆವು. ಬಾಯಲ್ಲಿ ಹುಲ್ಲಿಟ್ಟುಕೊಂಡೇ ಕಿವಿ ಹರಿದ ಯಜಮಾನಿಯೂ ತಲೆಯೆತ್ತಿ ನೋಡಿತು.